ಮಾಲೀಕರ ಕಾಲಂ

ಬಂಗಾರಪೇಟೆಯ ಆ ಶೆಡ್ಡಿನಲ್ಲಿ
ಹುಣಸೆ ಮೂಟೆಗಳ ಹಿಂದೆ ನಿಂತಿದೆ
ಎರಡೇ ಸೀಟಿನ ಎಂ.ಜಿ.
ಮೂತಿಗೆ ಗೋಣಿತಾಟು, ಹೊಟ್ಟೆಯಲ್ಲಿ ಇಲಿಯ ಸಂಸಾರ.

ಮಾರುವವನು ಬದರೀನಾಥ ಗುಪ್ತ.
ಕಾರಿಗಿಂತ ಕತೆಯನ್ನು ಚೆನ್ನಾಗಿ ಒರೆಸಿಟ್ಟಿದ್ದಾನೆ:
“ರಾಜಮನೆತನದ್ದು ಸಾರ್. ಆಮೇಲೆ ಗಣಿಯ ದೊರೆಯದ್ದು.
ಶೋಲಾವರಂನಲ್ಲಿ ರೇಸು ಗೆದ್ದದ್ದು.
ಸೀಟಿನಡಿ ಚಿನ್ನ ಸಾಗಿಸುತ್ತಿದ್ದರಂತೆ.”
ಅಂತೆ ಎಂಬಲ್ಲಿ ಅವನ ದನಿ ಇಳಿಯುತ್ತದೆ,
ಬೆಲೆ ಏರುತ್ತದೆ.

ನನ್ನನ್ನು ಕಳಿಸಿದ್ದು ಪುಣೆಯ ಗಿರಾಕಿ.
ಮೂವತ್ತೊಂದು ವರ್ಷ ಆರ್‌ಟಿಒ ಕಚೇರಿಯಲ್ಲಿ ಕೂತು
ಯಾರದ್ದು ಯಾರಿಗೆ ಹೋಯಿತೆಂದು ಬರೆದವನು ನಾನು.
ಅಂತೆಗೆ ನನ್ನ ಕಾಲಂನಲ್ಲಿ ಜಾಗವಿರಲಿಲ್ಲ.

ಮೊದಲು ಬ್ಲೇಡು.
ಬಾಗಿಲ ಒಳಮಗ್ಗುಲಲ್ಲಿ ಕಾಸಿನಗಲ ಕೆರೆದೆ.
ಕೆಂಪು. ಕೆಂಪಿನಡಿ ಹಸಿರು, ಕಿಟಕಿ ಸರಳಿಗೆ ಬಳಿಯುವ ಹಸಿರು.
ಹಸಿರಿನಡಿ ಕೆನೆಬಣ್ಣ. ಅದರಡಿ ಬೂದಿ.
ರೇಸಿನ ಕೆಂಪು ಎಲ್ಲಕ್ಕಿಂತ ಈಚಿನದು,
ಬಳಿದ ಕುಂಚದ ಕೂದಲು
ಅದರಲ್ಲೇ ಹೂತು ಒಣಗಿದೆ.

ಎಂಜಿನ್ನು ಎಂ.ಜಿ.ಯದಲ್ಲ,
ಯಾವುದೋ ಹೆರಾಲ್ಡಿನಿಂದ ಕಿತ್ತು ಕೂರಿಸಿದ್ದು.
ಚಾಸಿಸ್‌ಗೆ ಹೊಡೆದ ನಂಬರೊಂದೇ
ಆಡಿದ ಮಾತಿಗೆ ತಪ್ಪಿರಲಿಲ್ಲ.
ಅದನ್ನು ಅಂಗೈಗೆ ಬರೆದುಕೊಂಡು ಕೋಲಾರದ ಬಸ್ಸು ಹತ್ತಿದೆ.

ಗೆದ್ದಲು ತಿಂದುಳಿಸಿದ ರಿಜಿಸ್ಟರು ಹೇಳಿತು:
೧೯೫೦. ಡಬ್ಲ್ಯು. ಟ್ರೆವೆನ, ಊರಿಗಾಂ.
ದೊರೆಯಲ್ಲ. ಉಗ್ರಾಣದ ಎರಡನೇ ಗುಮಾಸ್ತ.
ಕಾರಿನ ಸಾಲ ತೀರುವಷ್ಟರಲ್ಲಿ ಹಡಗು ಹತ್ತಿದ.

೧೯೫೭. ಸೆಲ್ವನಾಯಗಂ, ಚಾಂಪಿಯನ್ ರೀಫ್.
ಉದ್ಯೋಗ: ವೈಂಡಿಂಗ್ ಡ್ರೈವರ್.
ನನ್ನ ಬೆರಳು ಅಲ್ಲೇ ನಿಂತಿತು.
ಪಾಳಿಗೆ ನೂರಾರು ಜನರನ್ನು
ಹಗ್ಗದ ತುದಿಯಲ್ಲಿ ಪಾತಾಳಕ್ಕಿಳಿಸಿ ಮೇಲೆತ್ತುವವನು,
ಆಳ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟು
ರೆಪ್ಪೆ ಬಡಿಯಲೂ ಹೆದರುವವನು,
ಕೊಂಡದ್ದು
ಚಾವಣಿಯೇ ಇಲ್ಲದ ಕಾರು.
ಇದನ್ನು ಮಾತ್ರ ಯಾರೂ ಕತೆ ಕಟ್ಟಿರಲಿಲ್ಲ.

೧೯೬೪. ಶಿಡ್ಲಘಟ್ಟದ ಅಬ್ದುಲ್ ವಾಜಿದ್, ಗೂಡಿನ ವ್ಯಾಪಾರಿ.
ಮರಳಿ ಬಂದು ಸೀಟು ಕಿತ್ತೆ.
ಸ್ಪ್ರಿಂಗಿಗೆ ಸುತ್ತಿಕೊಂಡ ಹಳದಿ ಎಳೆ
ಟಾರ್ಚಿಗೆ ಮಿರಮಿರ ಮಿಂಚಿತು.
“ನೋಡಿದ್ರಾ, ಚಿನ್ನ!” ಗುಪ್ತ ಉಸಿರು ಬಿಗಿಹಿಡಿದ.
ಕಡ್ಡಿ ಗೀರಿ ಹಿಡಿದೆ.
ಕೂದಲು ಸುಟ್ಟ ವಾಸನೆ.
ರೇಷ್ಮೆ.

ಉಳಿದದ್ದು ರಾಜಮನೆತನ.
ಹೇಳಿದವರು ಯಾರೆಂದು ಹಿಂದೆ ಹಿಂದೆ ನಡೆದೆ.
ಗುಪ್ತನಿಗೆ ಅವನ ಮಾವ, ಮಾವನಿಗೆ ಟಿಂಕರಿಂಗಿನ ಪೆರಿಯಸಾಮಿ,
ಪೆರಿಯಸಾಮಿಗೆ ಕ್ಷೌರದಂಗಡಿಯ ಬೆಂಚು,
ಬೆಂಚಿಗೆ
ರಾಬರ್ಟ್‌ಸನ್‌ಪೇಟೆ ಸ್ಕೂಲಿನ ಯಾವನೋ ಹುಡುಗ.

೧೯೬೧. ನನಗೆ ಒಂಬತ್ತು ವರ್ಷ.
ಕ್ಲಬ್ಬಿನ ಗೇಟಿನ ಹತ್ತಿರ ನಿಂತಿತ್ತು ಕಾರು.
ಮುಟ್ಟಿದ್ದೆ, ಅಷ್ಟೆ. ಬಿಸಿಯಿತ್ತು.
ಮರುದಿನ ಕ್ಲಾಸಿನಲ್ಲಿ,
ರಾಜರ ಮನೆಯ ಕಾರು ಕಣ್ರೋ,
ನನ್ನನ್ನು ಕೂರಿಸಿಕೊಂಡು
ಬೇತಮಂಗಲದ ಕೆರೆತನಕ ಹೋದರು, ಎಂದಿದ್ದೆ.
ನಾನೇನಾ ಮೊದಲಿಗ?
ಇನ್ನೊಬ್ಬನೂ ಹೇಳಿರಬಹುದು.
ಇದನ್ನು ಕೆರೆದು ನೋಡಲು ಬ್ಲೇಡಿಲ್ಲ.

ಅರವತ್ತೊಂದರಿಂದ ಅರವತ್ತನಾಲ್ಕರವರೆಗೆ ಹಾಳೆಯೂ ಇಲ್ಲ.
ಗೆದ್ದಲು ಆರಿಸಿ ತಿಂದದ್ದು ಆ ಮೂರು ವರ್ಷವನ್ನೇ.
“ಅಲ್ಲಿ ರಾಜಮನೆತನ ಅಂತ ಬರೆದುಬಿಡಿ ಸಾರ್,
ಅಲ್ಲ ಅಂತ ತೋರಿಸೋರು ಯಾರಿದ್ದಾರೆ?”
ಗುಪ್ತ ಪೆನ್ನಿನ ಮುಚ್ಚಳ ತೆಗೆದುಕೊಟ್ಟ.

ಕೆರೆಯ ಗಾಳಿ ಒಂದು ಕ್ಷಣ ಮುಖಕ್ಕೆ ಹೊಡೆಯಿತು,
ನಾನು ಹೋಗದಿದ್ದ ಬೇತಮಂಗಲದ್ದು.

ಮಾಲೀಕರು: ತಿಳಿದಿಲ್ಲ
ಎಂದು ಬರೆದೆ. ರುಜು, ತಾರೀಕು.
ಬಸ್‌ಸ್ಟ್ಯಾಂಡಿಗೆ ನಡೆದೇ ಹೋದೆ.
ಗುಪ್ತ ಆಟೋ ಕರೆಸಲಿಲ್ಲ.